ಬೀಸುವ ಕಲ್ಲಿನ ಪದಗಳಲ್ಲಿ ಪ್ರಾಯ ಮತ್ತು ಮುಪ್ಪು
(‘ಗರತಿಯ ಹಾಡು’ ಸಂಕಲನವನ್ನು ಕುರಿತು ಕೆಲವು ವಿಚಾರಗಳು)

ಕನ್ನಡದ ಜನಪದ ಗೀತೆಗಳ ಮಾತು ಬಂದಾಗಲೆಲ್ಲ ಹಲಸಂಗಿಯ ಗೆಳೆಯರನ್ನು ಮೊದಲು ನೆನೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅದು ಉಚಿತವೂ ಆಗಿದೆ. ವಿಜಯಪುರ ಜಿಲ್ಲೆಯ ಉತ್ತರದ ಅಂಚಿನ ಒಂದು ಹಳ್ಳಿಯಲ್ಲಿದ್ದುಕೊಂಡು ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಹೆಂಗಸರ ಬಾಯಿಂದ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಅದರ ಬೆನ್ನಿಗೆ ‘ಜೀವನ ಸಂಗೀತ’ವೂ ‘ಮಲ್ಲಿಗೆ ದಂಡೆ’ಯೂ ಬಂದುವು. ಈ ಪುಸ್ತಕಗಳ ಕಾವ್ಯಗುಣವನ್ನು ಕುರಿತು ಬಲ್ಲವರು ಸಾಕಷ್ಟು ಬರೆದಿದ್ದಾರೆ. ಅದನ್ನು ಮತ್ತೆ ಹೇಳುವ ಅಧಿಕಾರವಾಗಲಿ ಅಗತ್ಯವಾಗಲಿ ನನಗಿಲ್ಲ. ಇತಿಹಾಸದ ಅಧ್ಯಾಪಕನಾದ ನನ್ನ ಶಂಕೆ ಬೇರೊಂದು ಬಗೆಯದು. ಈ ಪದಗಳಲ್ಲಿ ‘ನಾನು’ ಎನ್ನುವವಳು ಯಾರು? ಅವಳ ವಯಸ್ಸೆಷ್ಟು?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಹಳೆಯ ಕಾಲದ ಕುಟುಂಬ ಜೀವನವನ್ನು ಕುರಿತು ಬರೆಯುವವರು ಈ ಪದಗಳನ್ನು ಸಾಕ್ಷ್ಯವಾಗಿ ಎತ್ತಿಕೊಳ್ಳುವುದು ಈಚೆಗೆ ಹೆಚ್ಚಾಗಿದೆ. ಶಾಸನವನ್ನು ಓದುವಾಗ ಬರೆಸಿದವನಾರು, ಬರೆದವನಾರು, ಕಾಲ ಯಾವುದು ಎಂದು ಕೇಳದೆ ಮುಂದಕ್ಕೆ ಹೆಜ್ಜೆಯಿಡದ ನಾವು, ಪದವನ್ನು ಓದುವಾಗ ಮಾತ್ರ ಆ ಎಚ್ಚರವನ್ನು ಬದಿಗಿಡುವುದು ಸರಿಯಲ್ಲ.

ಮೊದಲು ಸಂಕಲನಗಳ ಏರ್ಪಾಡನ್ನು ನೋಡೋಣ. ದೇವರ ನೆನೆತ, ತವರು, ಒಡಹುಟ್ಟಿದವರು, ಅತ್ತೆಯ ಮನೆ, ಗಂಡ, ಕಂದ ಎಂದು ವಿಷಯವಾರಾಗಿ ಪದಗಳನ್ನು ಹಂಚಿಕೊಡುವುದು ನಮ್ಮ ತ್ರಿಪದಿ ಸಂಕಲನಗಳಲ್ಲಿ ರೂಢಿಯಾಗಿ ಬಂದ ಕ್ರಮ. ಓದುಗನಿಗೆ ಇದರಿಂದ ಅನುಕೂಲವೇ ಆಯಿತು. ಆದರೆ ಹೀಗೆ ಸಾಲಾಗಿ ಓದುತ್ತ ಹೋದಂತೆ ಒಬ್ಬಳೇ ಹೆಣ್ಣುಮಗಳು ತವರಿನಲ್ಲಿ ಆಡಿ, ಮದುವೆಯಾಗಿ, ಅತ್ತೆಯ ಮನೆಯಲ್ಲಿ ನೊಂದು, ತಾಯಾಗಿ ತಣಿದಳೆಂಬ ಒಂದು ಕಥೆ ತನಗೆ ತಾನೇ ಕಟ್ಟಿಕೊಳ್ಳುತ್ತದೆ. ಈ ಕಥೆ ಪುಸ್ತಕದ್ದೇ ಹೊರತು ಕಲ್ಲಿನ ಮುಂದೆ ಕುಳಿತವಳದಲ್ಲ. ಅವಳು ಬೆಳಗಿನ ಜಾವ ಮುಕ್ಕು ಹಾಕುತ್ತ ತವರಿನಿಂದ ಕಂದನಿಗೆ, ಕಂದನಿಂದ ದೇವರಿಗೆ, ದೇವರಿಂದ ಮತ್ತೆ ತವರಿಗೆ ಹಾರುತ್ತಾಳೆ. ಮೂರು ಸಾಲಿಗೆ ಒಂದು ಪದ ಮುಗಿಯುತ್ತದೆ; ಮುಂದಿನದು ಎತ್ತ ಹೋಗುವುದೋ ಅವಳಿಗೂ ತಿಳಿಯದು.

ಇನ್ನು ಹೆಸರಿನ ವಿಚಾರ. ‘ಗರತಿ’ ಎಂಬುದು ಬರಿಯ ‘ಹೆಂಗಸು’ ಅಲ್ಲ. ಅದೊಂದು ಮೆಚ್ಚುಗೆಯ ಮಾತು, ಕುಲವಂತೆ ಶೀಲವಂತೆ ಎಂಬ ತೀರ್ಪು. ಹಳ್ಳಿಯ ಹೆಂಗಸರ ಪದಗಳನ್ನು ಓದುಬರಹ ಬಲ್ಲವರ ಕೈಗೆ ಮೊದಲ ಬಾರಿಗೆ ಗೌರವದಿಂದ ಕೊಡಬೇಕಾಗಿದ್ದ ಆ ಗೆಳೆಯರಿಗೆ ಈ ಹೆಸರು ಬೇಕಾಗಿದ್ದಿತು, ಅದನ್ನು ತಪ್ಪೆನ್ನಲಾಗದು. ಅವರಿಗಿಂತ ಮೊದಲು, 1885ರಿಂದ ಮುಂದಕ್ಕೆ, ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕನ್ನಡದ ಕೆಲವು ಲಾವಣಿಗಳನ್ನು ಅಚ್ಚು ಮಾಡಿಸಿದ್ದರು. ಸಂಗೊಳ್ಳಿ ರಾಯಣ್ಣನ ದಂಗೆಯಂಥ ಸಂಗತಿ ಇದ್ದಲ್ಲಿ ಮಾತ್ರ ಇತಿಹಾಸವಿದೆಯೆಂದು ಅಂದಿನ ವಿದ್ವಾಂಸರು ಬಗೆದಿದ್ದರು. ಹಿಟ್ಟು ಬೀಸುವವಳ ಪದದಲ್ಲಿ ಇತಿಹಾಸವಿದ್ದೀತೆಂಬ ಊಹೆ ಅವರಿಗಿರಲಿಲ್ಲ. ಹಲಸಂಗಿಯವರು ಆ ಕೊರತೆಯನ್ನು ತುಂಬಿದರು. ಆದರೂ ಹೆಸರಿನ ಪರಿಣಾಮ ಉಳಿದುಬಂದಿದೆ. ಗರತಿಯ ಪದವೆಂದು ಓದಲು ತೊಡಗಿದವನಿಗೆ ಅದರಲ್ಲಿನ ಸಹನೆ ಮೊದಲು ಕಾಣುತ್ತದೆ. ಸಿಟ್ಟು ಬಹಳ ತಡವಾಗಿ ಕಾಣುತ್ತದೆ. ಈ ಪದಗಳನ್ನು ಹೊಗಳಿದ ಅನೇಕ ಲೇಖನಗಳು ‘ತುಂಬಿದ ಸಂಸಾರದ ಸೊಬಗು’ ಎಂಬಲ್ಲಿಗೆ ಬಂದು ನಿಂತುಬಿಡುವುದಕ್ಕೆ ಇದೂ ಒಂದು ಕಾರಣವಿರಬೇಕು.

ಪದಗಳಲ್ಲಿನ ಬಾಲ್ಯವನ್ನೇ ತೆಗೆದುಕೊಳ್ಳಿ. ತವರಿನ ಅಂಗಳ, ಗೆಳತಿಯರು, ಪಂಚಮಿಯ ಜೋಕಾಲಿ ಇವೆಲ್ಲ ಬಹುಮಟ್ಟಿಗೆ ಕಳೆದುಹೋದುದಾಗಿಯೇ ಬರುತ್ತವೆ. ಬಾಲ್ಯವನ್ನು ಬಾಲೆ ಹಾಡುವುದಿಲ್ಲ. ಅದನ್ನು ಬಿಟ್ಟು ಬಂದವಳು ಹಾಡುತ್ತಾಳೆ. ಇದರ ಹಿಂದಿನ ಕಾಲವನ್ನು ಇತಿಹಾಸಕಾರನು ಗಮನಿಸಬೇಕು. ಹುಡುಗಿಯ ಮದುವೆಗೆ ಕನಿಷ್ಠ ಹದಿನಾಲ್ಕು ವರ್ಷ ತುಂಬಿರಬೇಕೆಂದು ಗೊತ್ತುಮಾಡಿದ ಶಾರದಾ ಕಾಯಿದೆ 1929ರಲ್ಲಿ ಅಂಗೀಕೃತವಾಗಿ 1930ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿತು. ‘ಗರತಿಯ ಹಾಡು’ ಅಚ್ಚಾದುದು ಅದರ ಮರುವರ್ಷ. ಆ ಪದಗಳನ್ನು ಹೇಳಿಕೊಟ್ಟ ಹೆಂಗಸರ ಮದುವೆಗಳು ಕಾಯಿದೆಗೆ ಮೊದಲೇ ಆಗಿಹೋಗಿದ್ದುವು. ಹೀಗಿರುವಾಗ ತವರಿನ ಹಂಬಲವನ್ನು ‘ಭಾವುಕತೆ’ ಎಂದು ಕರೆಯುವ ವಿಮರ್ಶೆ ಹತ್ತು ಹನ್ನೆರಡು ವರ್ಷದ ಮಗುವೊಂದು ಊರು ಬಿಟ್ಟು ಹೋದ ಸಂಗತಿಯನ್ನೇ ಮರೆತಂತಾಗುತ್ತದೆ.

ಅಣ್ಣನ ಮೇಲಿನ ಪದಗಳೂ ಹಾಗೆಯೇ. ಇವುಗಳಷ್ಟು ಮಧುರವಾದುವು ಸಂಕಲನದಲ್ಲಿ ಬೇರೆ ಇಲ್ಲವೆಂದು ಎಷ್ಟೋ ಜನ ಬರೆದಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಮಾಧುರ್ಯಕ್ಕೆ ಒಂದು ಲೆಕ್ಕಾಚಾರದ ಮಗ್ಗುಲೂ ಇದೆ. ಹುಟ್ಟಿದ ಮನೆಯ ಹೊಲದಲ್ಲಿ ಮಗಳಿಗೆ ಪಾಲಿಲ್ಲದ ಕಾಲದಲ್ಲಿ ಅವಳಿಗೆ ದೊರೆಯುತ್ತಿದ್ದುದು ಹಬ್ಬದ ಸೀರೆ, ಕುಪ್ಪಸ, ಬಾಣಂತನ, ಪಂಚಮಿಗೆ ಕರೆಯಲು ಬರುವ ಅಣ್ಣ, ಇಷ್ಟೇ. ತಂದೆ ತಾಯಿ ತೀರಿದ ಮೇಲೆ ಇಷ್ಟೂ ಅಣ್ಣನ, ಅದಕ್ಕಿಂತ ಹೆಚ್ಚಾಗಿ ಅತ್ತಿಗೆಯ, ಮನಸ್ಸಿನ ಮೇಲೆ ನಿಂತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಪಾಲಿನಲ್ಲಿ ಮಗಳಿಗೆ ಹಕ್ಕು ಕೊಟ್ಟಿತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಬಂದಿತು. ಅಣ್ಣನ ಮನೆ ತಣ್ಣಗಿರಲೆಂಬ ಹಾರೈಕೆಯಲ್ಲಿ ಪ್ರೀತಿ ಎಷ್ಟು, ಅಂಜಿಕೆ ಎಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗದು. ಎರಡೂ ಇವೆಯೆಂಬುದನ್ನಾದರೂ ಒಪ್ಪಬೇಕು.

ಇಲ್ಲಿಯವರೆಗಿನ ಮಾತೆಲ್ಲ ಪುಸ್ತಕದಿಂದ ಬಂದುದು. ಇದನ್ನು ಕದಲಿಸಿದ ಒಂದು ಸಂಗತಿಯನ್ನು ಹೇಳಬೇಕಾಗಿದೆ; ಸ್ವಂತದ ಮಾತಾದುದರಿಂದ ವಾಚಕರು ಕ್ಷಮಿಸಬೇಕು. ನಾವು ಆಯಿ ಎಂದು ಕರೆಯುತ್ತಿದ್ದ ನನ್ನ ಅಜ್ಜಿಗೆ ಬೀಸುವ ಪದಗಳು ನೂರಾರು ಬರುತ್ತಿದ್ದುವು. 2014ರ ಬೇಸಿಗೆ ರಜೆಯಲ್ಲಿ ಅವನ್ನು ಧ್ವನಿಮುದ್ರಿಸಿಕೊಳ್ಳಲು ಹೊರಟೆ. ಸುಮ್ಮನೆ ಕುಳಿತು ಹೇಳೆಂದರೆ ಆಕೆಗೆ ಪದವೇ ನೆನಪಾಗಲೊಲ್ಲದು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಮೂಲೆ ಸೇರಿದ್ದ ಕಲ್ಲನ್ನು ಪಡಸಾಲೆಗೆ ತರಿಸಿ, ಜೋಳ ಸುರಿದು, ಎದುರಿಗೆ ನನ್ನ ತಾಯಿಯನ್ನು ಕೂರಿಸಿದ ಮೇಲೆ, ಗೂಟ ತಿರುಗಿದಂತೆ ಪದಗಳು ಒಂದರ ಹಿಂದೊಂದು ಬಂದುವು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದಾದ ತ್ರಿಪದಿಯ ಹನ್ನೊಂದು ಗಣಗಳು ಕಲ್ಲಿನ ಸುತ್ತಿಗೆ ಹೇಗೆ ಹೊಂದಿಕೊಳ್ಳುತ್ತವೆ, ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹೇಳಿ ಮೂರು ಸಾಲನ್ನು ನಾಲ್ಕಾಗಿಸುವಾಗ ದಣಿದ ತೋಳಿಗೆ ಹೇಗೆ ಬಿಡುವು ಸಿಕ್ಕುತ್ತದೆ ಎಂಬುದು ಆ ದಿನ ನನಗೆ ಕಣ್ಣಾರೆ ತಿಳಿಯಿತು.

ಆ ಹೊತ್ತು ಆಯಿ ಹಾಡಿದ ಪದಗಳಲ್ಲಿ ಅರ್ಧಕ್ಕರ್ಧ ಅಣ್ಣನವು. ಆದರೆ ಆಕೆಗೆ ಅಣ್ಣನಾಗಲಿ ತಮ್ಮನಾಗಲಿ ಇರಲಿಲ್ಲ, ಒಬ್ಬಳೇ ಮಗಳು. ನಾನು ಅದನ್ನು ಕೇಳಿದಾಗ ಆಕೆ ಕೈ ನಿಲ್ಲಿಸದೆ, “ಪದಕ್ಕ ಅಣ್ಣ ಬೇಕಾಗ್ತಾನಪಾ. ನನಗ ಇದ್ದನೋ ಇಲ್ಲೋ, ಕಲ್ಲೇನ ಕೇಳತೈತಿ?” ಎಂದಳು. ಪದವನ್ನು ನೇರವಾಗಿ ಬದುಕಿನ ಸಾಕ್ಷ್ಯವೆಂದು ಓದುವ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ದೊರೆತಿಲ್ಲ.

ಎರಡನೆಯ ಸಂಗತಿ ಇನ್ನೂ ವಿಚಾರಾರ್ಹವಾದುದು. ಅತ್ತೆಯ ಕಾಟವನ್ನು ಹೇಳುವ ಪದವೊಂದನ್ನು ಆಯಿ ಹಾಡಿದಳು. ಎದುರಿಗೆ ಅದೇ ಗೂಟ ಹಿಡಿದು ಕುಳಿತವಳು ಆಕೆಯ ಸೊಸೆ. ಎಪ್ಪತ್ತು ದಾಟಿದವಳು ಹದಿಮೂರರ ಸೊಸೆಯಾಗಿ ದೂರುತ್ತಿದ್ದಳು. (ಆಯಿಗೆ ಮದುವೆಯಾದಾಗ ಕಾಯಿದೆ ಹದಿನೈದು ಎನ್ನುತ್ತಿತ್ತು, ಊರು ಆ ಮಾತು ಕೇಳಿರಲಿಲ್ಲ.) ಸ್ವಲ್ಪ ಹೊತ್ತಿನ ಮೇಲೆ ಅದೇ ಪದ ಮತ್ತೆ ಬಂದಿತು, ಈ ಸಲ ‘ಅತ್ತೆ’ ಇದ್ದ ಎಡೆಯಲ್ಲಿ ‘ಸೊಸೆ’ ಇದ್ದಿತು. ಅಂಶಗಣದಲ್ಲಿ ಎಳೆದು ಹಾಡಿ ಸರಿದೂಗಿಸಲು ಎಡೆಯಿರುವುದರಿಂದ ಛಂದಸ್ಸು ಕೆಡಲಿಲ್ಲ. ತಾಯಿ ತಲೆ ತಗ್ಗಿಸಿ ಬೀಸುತ್ತಿದ್ದಳು. ನಕ್ಕಳೋ ಇಲ್ಲವೋ ಕಾಣಲಿಲ್ಲ.

ನಮ್ಮ ಹೆಂಗಸರ ಪದಗಳಲ್ಲಿ ಮುಪ್ಪಿಗೆ ಎಡೆಯಿಲ್ಲ, ಅವು ತಾಯ್ತನದಲ್ಲಿ ಮುಗಿಯುತ್ತವೆ ಎಂಬ ಅಭಿಪ್ರಾಯವನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಈಗ ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಮುಪ್ಪು ಅಲ್ಲಿ ವಿಷಯವಾಗಿ ಕಾಣದಿರಬಹುದು. ಹಳೆಯ ಅಚ್ಚಿನಲ್ಲಿ ಒಂದು ಮಾತನ್ನು ಬದಲಿಸಿ ಅದು ಒಳಗೆ ಬಂದು ಕೂಡುತ್ತದೆ. ಸಂಪಾದಕನ ಕೈಗೆ ಇಂಥ ಎರಡು ಪದ ಸಿಕ್ಕರೆ ಒಂದನ್ನು ಪಾಠಾಂತರವೆಂದು ಬಿಟ್ಟುಬಿಡುವುದು ಸಹಜ. ಬಿಟ್ಟದ್ದು ಒಂದು ವಯಸ್ಸನ್ನೇ ಎಂದು ಅವನಿಗೆ ತಿಳಿಯುವ ಬಗೆ ಹೇಗೆ? ಪ್ರತಿಯೊಂದು ಪದದ ಎದುರಿಗೆ ಹಾಡಿದವಳ ಹೆಸರು, ವಯಸ್ಸು, ಊರು ಬರೆದಿಡುವ ಪದ್ಧತಿ 1930ರ ದಶಕದಲ್ಲಿ ನಮ್ಮಲ್ಲಿ ಬೇರೂರಿರಲಿಲ್ಲ. ಗಡಿಯಾಚೆ, ಪುಣೆಯಲ್ಲಿದ್ದ ಗೀ ಪ್ವಾತ್‌ವ್ಯಾಂ ಹಾಗೂ ಹೇಮಾ ರಾಯರ್ಕರ್ ಇವರು ಮರಾಠಿಯ ಬೀಸುವ ಓವಿಗಳನ್ನು ಒಂದು ಲಕ್ಷಕ್ಕೂ ಮಿಕ್ಕು ಕೂಡಿಸಿದಾಗ ಹಾಡಿದವರ ಹೆಸರು, ಊರುಗಳನ್ನೂ ದಾಖಲಿಸಿದರು. ಎ. ಕೆ. ರಾಮಾನುಜನ್ನರು ತಮಿಳಿನ ಅಹಂ–ಪುರಂ ಎಂಬ ವಿಭಾಗವನ್ನು ಕನ್ನಡ ಜಾನಪದಕ್ಕೆ ಹೊಂದಿಸಿ, ಮನೆಯೊಳಗಣ ಕಥೆಗೂ ಬಯಲಿನ ಕಥೆಗೂ ಇರುವ ಅಂತರವನ್ನು ತೋರಿಸಿಕೊಟ್ಟಿದ್ದಾರೆ. ಮನೆಯ ಒಳಗೇ ಹಾಡುವವಳ ವಯಸ್ಸಿಗೆ ತಕ್ಕಂತೆ ಇನ್ನಷ್ಟು ಕೋಣೆಗಳಿವೆ ಎಂದು ಆ ಮಾತಿಗೆ ಸೇರಿಸಬಹುದು.

ಒಂದು ಮನೆಯ ಒಬ್ಬ ಮುದುಕಿಯ ಪದದಿಂದ ಸಿದ್ಧಾಂತ ಕಟ್ಟಲಾಗದೆಂಬ ಆಕ್ಷೇಪಣೆ ಬಂದರೆ ಅದು ನ್ಯಾಯವೇ. ಆದರೆ ಕಲ್ಲು ಹಿಡಿದು ಬೀಸಿದ ಕೈಗಳು ಇನ್ನು ಕೆಲವು ಮನೆಗಳಲ್ಲಿ ಮಾತ್ರ ಉಳಿದಿವೆ. ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಕೇಳಿ, ಪದಗಳ ಜೊತೆಗೆ ಯಾರು, ಯಾವ ವಯಸ್ಸಿನಲ್ಲಿ, ಯಾರೆದುರು ಹಾಡಿದರೆಂಬುದನ್ನೂ ಬರೆದಿಟ್ಟರೆ ಈ ಮಾತು ನಿಲ್ಲುವುದೋ ಬೀಳುವುದೋ ಗೊತ್ತಾದೀತು.

ಆಯಿ 2019ರಲ್ಲಿ ತೀರಿಕೊಂಡಳು. ಪದಗಳನ್ನು ಬರೆದು ಮುಗಿಸಿದ ಮೇಲೆ ನನ್ನ ಪ್ರತಿಯನ್ನು ತಾಯಿಗೆ ಓದಿಹೇಳಿದೆ. ಆಕೆ ಎಂದೂ ಹಾಡಿದುದನ್ನು ನಾನು ಕೇಳಿರಲಿಲ್ಲ. ತವರಿನ ಒಂದು ಪದಕ್ಕೆ ಬಂದಾಗ ತಡೆದು, ನಾನು ತಪ್ಪು ಬರೆದಿರುವೆನೆಂದಳು. ಮುದ್ರಣವನ್ನು ಮತ್ತೆ ಹಾಕಿ ಕೇಳಿದೆವು. ಅಚ್ಚಿನ ಸಂಕಲನಗಳನ್ನು ಓದಿ ಪಳಗಿದ ನನ್ನ ಕಿವಿ ‘ಅಣ್ಣ’ ಎಂದು ಕೇಳಿಸಿಕೊಂಡ ಕಡೆ ಆಯಿ ಹಾಡಿದ್ದುದು ‘ಅವ್ವ’ ಎಂದು. ತಾಯಿ ಆ ಪದವನ್ನು ಮೆಲ್ಲಗೆ ಕೊನೆಯವರೆಗೂ ಹಾಡಿ ತೋರಿಸಿದಳು, ನಾನು ತಿದ್ದಿಕೊಂಡೆ.