ಹಿತ್ತಲಿನ ಮೇಧಾವಿಯೆಂಬ ಅರ್ಧಸತ್ಯ

ಜಾನ್ ಬ್ರಿಟ್ಟನ್ ಹೆಸರು ಎತ್ತಿದರೆ ಸಾಕು, ಬೈಕಿನ ಹುಚ್ಚಿರುವವರು ಮೊದಲು ಹೇಳುವುದು ಆವಿಗೆಯ ಕಥೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ತನ್ನ ಮನೆಯ ಹಿತ್ತಲಲ್ಲಿ, ಮಡಕೆ ಸುಡುವ ಆವಿಗೆಯೊಳಗೆ ರೇಸ್ ಎಂಜಿನ್ನಿನ ಭಾಗಗಳನ್ನಿಟ್ಟು ಕಾಯಿಸಿ, ಹೊರತೆಗೆದು, ನೀರು ಹುಯ್ದು ಹದ ಮಾಡಿಕೊಂಡವನು ಅವನು. ಆ ಬೈಕು ಅಮೆರಿಕದ ಡೇಟೋನಾಕ್ಕೆ ಹೋಗಿ ಡುಕಾಟಿಯಂಥ ಡುಕಾಟಿಗೇ ನೀರಿಳಿಸಿತು. ಕಥೆ ಸುಳ್ಳಲ್ಲ. ಆದರೆ ಮೂವತ್ತು ವರ್ಷಗಳಿಂದ ಇದನ್ನೇ ಹೇಳಿಕೊಂಡು ಬಂದದ್ದರಿಂದ ಬ್ರಿಟ್ಟನ್‌ಗೆ ಒಂದು ಬಗೆಯ ಅನ್ಯಾಯವೇ ಆಗಿದೆ. ಯಾವ ಜಾಗದಲ್ಲಿ, ಎಂಥ ಸಲಕರಣೆಯಿಂದ ಮಾಡಿದ ಎಂಬ ಬೆರಗಿನಲ್ಲಿ, ಮಾಡಿದ್ದೇನು ಎಂಬುದನ್ನು ನೋಡುವುದೇ ಬಿಟ್ಟುಹೋಗಿದೆ.

ಮೊದಲಿಗೆ, ಅವನು ಕೈಯಲ್ಲಿ ಕಾಸಿಲ್ಲದ ಗ್ಯಾರೇಜ್ ಹುಡುಗನಾಗಿರಲಿಲ್ಲ. 1950ರಲ್ಲಿ ಹುಟ್ಟಿದ ಬ್ರಿಟ್ಟನ್‌ಗೆ ಡಿಸ್ಲೆಕ್ಸಿಯಾ ಇತ್ತು, ಓದುಬರಹ ತ್ರಾಸದ ಕೆಲಸ. ಆದರೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತ, ಇಂಗ್ಲೆಂಡಿಗೆ ಹೋಗಿ ಹೆದ್ದಾರಿ ವಿನ್ಯಾಸದ ಕೆಲಸ ಮಾಡಿದ, ಊರಿಗೆ ಮರಳಿ ಗಾಜಿನ ಅಲಂಕಾರದ ದೀಪಗಳನ್ನು ಕೈಯಿಂದ ಮಾಡಿ ಮಾರಿದ, ಕೊನೆಗೆ ಮನೆತನದ ಆಸ್ತಿ ಮತ್ತು ಕಟ್ಟಡ ವ್ಯವಹಾರ ಸೇರಿದ. ಬೈಕಿಗೆ ಸುರಿದ ಹಣದ ಮೂಲ ಅದು. ಒಬ್ಬಂಟಿಯೂ ಆಗಿರಲಿಲ್ಲ. ಹಗಲು ತಮ್ಮ ತಮ್ಮ ಕೆಲಸ ಮುಗಿಸಿ ರಾತ್ರಿ ಬಂದು ಕೈಜೋಡಿಸುತ್ತಿದ್ದ ಗೆಳೆಯರ ಗುಂಪೇ ಇತ್ತು. ಮಿಲ್ಲಿಂಗ್ ಮಾಡುವವರು, ಎರಕ ಹೊಯ್ಯುವವರು, ಫೈಬರ್ ಕೆಲಸದವರು. ಕ್ರೈಸ್ಟ್‌ಚರ್ಚ್‌ನಂಥ ದೂರದ ಊರಿನಲ್ಲಿ ಬೇಕಾದ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಬೇಕೆಂದರೆ ಮಾಡಿಕೊಳ್ಳಬೇಕು. ಅಲ್ಲಿನ ಎಂಜಿನಿಯರಿಂಗ್ ಶೆಡ್ಡುಗಳಿಗೆ ಇದು ಅಭ್ಯಾಸವಾಗಿಹೋದ ಸಂಗತಿ. ಬ್ರಿಟ್ಟನ್ ಆ ಅಭ್ಯಾಸದ ಒಳಗಿನಿಂದಲೇ ಬಂದವನು.

ಆರಂಭದ ಬೈಕುಗಳಲ್ಲೊಂದಕ್ಕೆ ಹಾಕಿದ್ದು ನ್ಯೂಜಿಲೆಂಡಿನದೇ ಆದ ಡೆಂಕೊ ವಿ-ಟ್ವಿನ್ ಎಂಜಿನ್. ಸ್ಪೀಡ್‌ವೇ ಸೈಡ್‌ಕಾರ್‌ಗೆಂದು ಮಾಡಿದ ಅದು ರೋಡ್ ರೇಸಿನ ಹೊಡೆತ ತಾಳದೆ ಮೇಲಿಂದ ಮೇಲೆ ಕೈಕೊಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಜಪಾನಿ ಎಂಜಿನ್ ಕೊಂಡು ಕೂರಿಸಿ, ಸುತ್ತ ತಮ್ಮದೊಂದು ಚಾಸಿ ಕಟ್ಟುತ್ತಿದ್ದರು. ಇಂಗ್ಲೆಂಡ್, ಇಟಲಿಯ ಸ್ವತಂತ್ರ ನಿರ್ಮಾಪಕರಲ್ಲಿ ಬಹುಪಾಲು ಜನರ ಕಸುಬೇ ಅದು. ಬ್ರಿಟ್ಟನ್ ಎಂಜಿನ್ನನ್ನೇ ಮಾಡುತ್ತೇನೆಂದು ಹೊರಟ. ಇದನ್ನು ಹಟ ಎನ್ನುವವರಿದ್ದಾರೆ. ನನಗೆ ಇದರಲ್ಲಿ ಲೆಕ್ಕಾಚಾರ ಕಾಣುತ್ತದೆ, ಯಾಕೆಂದರೆ ಅವನ ತಲೆಯಲ್ಲಿದ್ದ ಬೈಕಿಗೆ ಕೊಂಡು ತಂದ ಎಂಜಿನ್ ಹೊಂದುವಂತೆಯೇ ಇರಲಿಲ್ಲ.

ಆ ಬೈಕು ವಿ1000. 999 ಸಿಸಿ, 60 ಡಿಗ್ರಿ ವಿ-ಟ್ವಿನ್, ನೀರಿನಿಂದ ತಂಪಾಗುವ ಎಂಜಿನ್, 11,800 ಆರ್‌ಪಿಎಮ್‌ನಲ್ಲಿ 166 ಅಶ್ವಶಕ್ತಿ, ಇಡೀ ಬೈಕಿನ ತೂಕ 138 ಕಿಲೋ. ಅಂಕಿಗಳು ಇವತ್ತಿಗೂ ಹುಬ್ಬೇರಿಸುವಂಥವೇ. ಆದರೆ ಅಂಕಿಗಳಿಗಿಂತ ಮುಖ್ಯವಾದದ್ದು ಈ ಬೈಕಿನಲ್ಲಿ ಇಲ್ಲದ ವಸ್ತು. ಇದಕ್ಕೆ ಚಾಸಿ ಇಲ್ಲ. ಎಂಜಿನ್ನೇ ಬೆನ್ನೆಲುಬು. ಮುಂದಿನ ಚಕ್ರದ ತೋಳುಗಳು, ಹಿಂದಿನ ಸ್ವಿಂಗ್ ಆರ್ಮ್, ಸವಾರನ ಸೀಟು ಎಲ್ಲವೂ ನೇರವಾಗಿಯೋ ಸುತ್ತುಬಳಸಿಯೋ ಎಂಜಿನ್ನಿಗೇ ತಗಲಿಕೊಂಡಿವೆ. ಬೈಕು ವಾಲಿದಾಗ, ಬ್ರೇಕ್ ಹಿಡಿದಾಗ, ಗುಂಡಿ ಹಾರಿದಾಗ ಬರುವ ಎಳೆತ-ತಿರುಚುಗಳನ್ನು ಹೊರಬೇಕಾದದ್ದು ಅದರ ಕ್ರ್ಯಾಂಕ್‌ಕೇಸು. ಯಾರದೋ ಕಾರ್ಖಾನೆಯಲ್ಲಿ ಬೇರೆ ಯಾವುದೋ ಚೌಕಟ್ಟಿಗೆಂದು ಎರಕ ಹೊಯ್ದ ಎಂಜಿನ್ನಿನಿಂದ ಈ ದುಡಿಮೆ ಮಾಡಿಸಲಾಗದು.

ಇನ್ನು ಗಾಳಿಯ ವಿಚಾರ. ಸಾಮಾನ್ಯ ರೇಸ್ ಬೈಕಿನಲ್ಲಿ ರೇಡಿಯೇಟರ್ ಮುಂದಿನ ಚಕ್ರದ ಹಿಂದೆ ಅಗಲವಾಗಿ ನಿಂತಿರುತ್ತದೆ. ಎದುರುಗಾಳಿಗೆ ಅದೊಂದು ಗೋಡೆ. ಬ್ರಿಟ್ಟನ್ ಅದನ್ನು ಕಿತ್ತು ಸೀಟಿನ ಕೆಳಗೆ ಇಟ್ಟ. ಮುಂದಿನಿಂದ ಹೊಕ್ಕ ಗಾಳಿ ಕೊಳವೆಯಲ್ಲಿ ಹಾದು ಅಲ್ಲಿಗೆ ಹೋಗಿ, ಬಿಸಿಯಾಗಿ, ಹಿಂದಿನಿಂದ ಹೊರಬೀಳುತ್ತದೆ. ಆದರೆ ಸೀಟಿನ ಕೆಳಗಿನ ಆ ಜಾಗದ ಆಸುಪಾಸಿನಲ್ಲೇ ಇರಬೇಕಾದದ್ದು ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್. ಅದನ್ನೆತ್ತಿ ಎಂಜಿನ್ನಿನ ಮುಂದೆ, ಮುಂಚಕ್ರದ ಹಿಂದೆ ಕೂರಿಸಿ, ಕೆಳಗಿನಿಂದ ಉದ್ದನೆಯ ಕೊಂಡಿ ಹಾಕಿ ಸ್ವಿಂಗ್ ಆರ್ಮಿಗೆ ಜೋಡಿಸಿದ. ಇದರಿಂದ ಶಾಕ್‌ಗೂ ಲಾಭವಾಯಿತು. ಎಂಜಿನ್ನಿನ ಹಿಂದೆ ಬೆಂದು ಅದರ ಎಣ್ಣೆ ತೆಳ್ಳಗಾಗಿ ಹಿಡಿತ ಕಳೆದುಕೊಳ್ಳುವ ಬದಲು ಅದು ತಣ್ಣನೆಯ ಗಾಳಿಯಲ್ಲಿದೆ. ಒಂದನ್ನು ಕದಲಿಸಿದ್ದಕ್ಕೆ ಇನ್ನೊಂದು ಕದಲಬೇಕಾಯಿತು. ಕದಲಿದ್ದು ಮೊದಲಿಗಿಂತ ಒಳ್ಳೆಯ ಜಾಗಕ್ಕೆ ಹೋಗಿ ಕೂತಿತು. ವಿ1000ದ ವಿನ್ಯಾಸದುದ್ದಕ್ಕೂ ಈ ಚದುರಂಗದಾಟ ನಡೆದಿದೆ.

ಮುಂಚಕ್ರದ ಸಸ್ಪೆನ್ಷನ್ನೂ ಹಾಗೆಯೇ. ನಾವು ದಿನಾ ನೋಡುವ ಬೈಕುಗಳಲ್ಲಿ ಎರಡು ಕೊಳವೆಗಳ ಫೋರ್ಕ್ ಇರುತ್ತದಲ್ಲ, ಅದಕ್ಕೆ ಮೂರು ಕೆಲಸ: ಚಕ್ರವನ್ನು ತಿರುಗಿಸುವುದು, ಗುಂಡಿಯ ಹೊಡೆತ ನುಂಗುವುದು, ಬ್ರೇಕಿನ ಒತ್ತಡ ಹೊರುವುದು. ಜೋರಾಗಿ ಬ್ರೇಕ್ ಹಿಡಿದರೆ ಮೂತಿ ಕುಸಿಯುತ್ತದೆ, ಕುಸಿದಾಗ ಸ್ಟೀರಿಂಗಿನ ಕೋನ ಬದಲಾಗುತ್ತದೆ, ತಿರುವಿನ ಹೊತ್ತಿಗೆ ಸವಾರನ ಕೈಯಲ್ಲಿ ಬೇರೆಯದೇ ಬೈಕು. ಬ್ರಿಟ್ಟನ್ ಕೊಳವೆಗಳನ್ನು ಬಿಟ್ಟು ಕಾರಿನಲ್ಲಿರುವಂಥ ಜೋಡಿ ವಿಶ್‌ಬೋನ್ ತೋಳುಗಳನ್ನು ಹಾಕಿ, ಕಾರ್ಬನ್ ಫೈಬರಿನ ಕವಲಿನಲ್ಲಿ ಚಕ್ರ ಹಿಡಿಸಿದ. ಬ್ರೇಕಿನ ಒತ್ತಡ ತೋಳುಗಳಿಗೆ, ಗುಂಡಿಯ ಹೊಡೆತ ಒಂದೇ ಶಾಕ್‌ಗೆ. ಮೂತಿ ಎಷ್ಟು ಕುಸಿಯಬೇಕು ಎಂಬುದು ಈಗ ವಿನ್ಯಾಸಕಾರನ ಆಯ್ಕೆ. ಪೂರಾ ಕುಸಿಯದಂತೆ ಮಾಡಿದರೆ ಸವಾರರು ಒಪ್ಪುವುದಿಲ್ಲ, ಆ ಕುಸಿತದಿಂದಲೇ ಟೈರಿನ ಹಿಡಿತ ಎಷ್ಟಿದೆಯೆಂದು ಅವರಿಗೆ ಗೊತ್ತಾಗುವುದು. ಕಾಗದದ ಮೇಲಿನ ಜಾಣತನ ರೇಸ್ ಟ್ರ್ಯಾಕಿನಲ್ಲಿ ಎಡವುವ ಜಾಗ ಇದೇ.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಲೇಬೇಕಾದ ಮಾತೊಂದಿದೆ. ಇವುಗಳಲ್ಲಿ ಯಾವುದೂ ಬಿಡಿಯಾಗಿ ಬ್ರಿಟ್ಟನ್‌ನ ಆವಿಷ್ಕಾರವಲ್ಲ. ಎಂಜಿನ್ನನ್ನೇ ಚೌಕಟ್ಟಾಗಿ ದುಡಿಸಿಕೊಳ್ಳುವುದನ್ನು ಇಂಗ್ಲೆಂಡಿನ ವಿನ್ಸೆಂಟ್ ಕಂಪನಿ 1946ರ ಸೀರೀಸ್-ಬಿ ರ‍್ಯಾಪಿಡ್‌ನಲ್ಲೇ ಮಾಡಿ ತೋರಿಸಿತ್ತು. ಮುಂದಿನ ಸಸ್ಪೆನ್ಷನ್ನಿನ ಮೂಲ ಕಲ್ಪನೆ ಮೆಕ್‌ಲಾರೆನ್‌ನಲ್ಲಿ ಕೆಲಸ ಮಾಡಿದ್ದ ನಾರ್ಮನ್ ಹೊಸಾಕ್‌ನದು. ಹಾಗಾಗಿ 'ಕಾಲಕ್ಕಿಂತ ಮುಂದಿದ್ದ ಸಂಶೋಧಕ' ಎಂಬ ಬಿರುದು ಅವನಿಗೆ ಸರಿಹೊಂದದು. ಅವನ ದೊಡ್ಡಸ್ತಿಕೆ ಸಂಪಾದಕನದು. ಹತ್ತು ಜನರ ಹತ್ತು ಒಳ್ಳೆಯ ವಿಚಾರಗಳನ್ನು ಒಂದೇ ಬೈಕಿಗೆ ತಂದರೆ ಸಾಮಾನ್ಯವಾಗಿ ಅವು ಒಂದಕ್ಕೊಂದು ಜಗಳವಾಡುತ್ತವೆ. ಇಲ್ಲಿ ಅವು ಜಗಳವಾಡದಂತೆ ನೋಡಿಕೊಂಡದ್ದಕ್ಕೆ, ಬೇಡದ್ದನ್ನು ನಿರ್ದಾಕ್ಷಿಣ್ಯವಾಗಿ ಕಿತ್ತೆಸೆದದ್ದಕ್ಕೆ ಅವನಿಗೆ ಅಂಕ ಸಲ್ಲಬೇಕು. ದೊಡ್ಡ ಕಂಪನಿಯಲ್ಲಿ ಇದು ಕಷ್ಟ. ಎಂಜಿನ್ ವಿಭಾಗ, ಚಾಸಿ ವಿಭಾಗ, ಬಾಡಿ ವಿಭಾಗ ಬೇರೆಬೇರೆ; ರೇಡಿಯೇಟರ್ ಎಲ್ಲಿರಬೇಕೆಂಬ ಮೀಟಿಂಗ್ ಮುಗಿಯುವುದರೊಳಗೆ ವರ್ಷ ಕಳೆದಿರುತ್ತದೆ. ಬ್ರಿಟ್ಟನ್‌ನಲ್ಲಿ ಎಲ್ಲ ವಿಭಾಗಗಳೂ ಒಂದೇ ತಲೆಯೊಳಗಿದ್ದವು. ಹಿತ್ತಲಿನಿಂದ ಅವನಿಗೆ ನಿಜವಾಗಿ ಸಿಕ್ಕ ಅನುಕೂಲ ಇದು. ಆವಿಗೆ ಬರೀ ಸಲಕರಣೆ.

ರೂಪದ ಬಗ್ಗೆಯೂ ಒಂದು ಮಾತು. ಮೈಕಟ್ಟಿನ ಆಕಾರವನ್ನು ಅವನು ತಂತಿ ಬಗ್ಗಿಸಿ, ಬಿಸಿ ಅಂಟು ಹಾಕಿ, ಕಣ್ಣಳತೆಯಲ್ಲಿ ತಿದ್ದಿ ತೀಡಿ ಕಟ್ಟಿದ. ನೀಲಿ-ಗುಲಾಬಿ ಬಣ್ಣ, ಹಾವಿನಂತೆ ಸುತ್ತಿಕೊಂಡು ಇಳಿಯುವ ಎಗ್ಸಾಸ್ಟ್ ಕೊಳವೆಗಳು, ನಡುವೆ ಮುಚ್ಚುಮರೆಯಿಲ್ಲದ ಎಂಜಿನ್. 1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಮೋಟರ್‌ಸೈಕಲ್ ಕಲೆಯ ಪ್ರದರ್ಶನ ಮಾಡಿದಾಗ ಅದರಲ್ಲಿ ಬ್ರಿಟ್ಟನ್ ಬೈಕೂ ಇತ್ತು. ವೆಲ್ಲಿಂಗ್ಟನ್ನಿನ ಟೆ ಪಾಪಾ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಒಂದಿದೆ. ಒಳ್ಳೆಯದೇ. ಆದರೆ ಪೀಠದ ಮೇಲೆ ನಿಲ್ಲಿಸಿದ ತಕ್ಷಣ ಅದು ಶಿಲ್ಪವಾಗಿಬಿಡುತ್ತದೆ. ಆ ಬಾಗು ಗಾಳಿಗೆ ದಾರಿ ಬಿಡಲು ಬಂದದ್ದು, ಆ ಸಪೂರ ನಡು ರೇಡಿಯೇಟರ್ ಜಾಗ ಬದಲಿಸಿದ್ದರಿಂದ ದಕ್ಕಿದ್ದು ಎಂಬುದು ನೋಡುವವರಿಗೆ ಹೊಳೆಯುವುದಿಲ್ಲ.

ರೇಸಿನ ಫಲಿತಾಂಶಗಳಿಗೆ ಬಂದರೆ ಅಭಿಮಾನಿಗಳೂ ಟೀಕಾಕಾರರೂ ಇಬ್ಬರೂ ಲೆಕ್ಕ ತಪ್ಪುತ್ತಾರೆ. ವರ್ಲ್ಡ್ ಸೂಪರ್‌ಬೈಕ್‌ಗೆ ಹೋಗಬೇಕೆಂದರೆ ಅದೇ ಮಾದರಿಯ ರಸ್ತೆ ಬೈಕುಗಳನ್ನು ನೂರಾರು ಸಂಖ್ಯೆಯಲ್ಲಿ ತಯಾರಿಸಿರಬೇಕು. ಬ್ರಿಟ್ಟನ್ ಮಾಡಿದ್ದು ಒಟ್ಟು ಹತ್ತು. ಗ್ರಾಂಡ್ ಪ್ರಿಯಲ್ಲಿ ಆಗ 500 ಸಿಸಿ ಮಿತಿ. ಅವನಿಗೆ ಉಳಿದದ್ದು ಡೇಟೋನಾದ 'ಬ್ಯಾಟಲ್ ಆಫ್ ದ ಟ್ವಿನ್ಸ್' ಥರದ ಎರಡು ಸಿಲಿಂಡರಿನ ರೇಸುಗಳು ಮತ್ತು ಬ್ರಿಟಿಷ್, ಯೂರೋಪಿಯನ್, ಅಮೆರಿಕನ್ ಬೈಕುಗಳಿಗಷ್ಟೇ ಮೀಸಲಾದ ಬೇರ್ಸ್ ಸರಣಿ. ಆ ದೊಡ್ಡ ಸರಣಿಗಳಲ್ಲಿ ಜಪಾನಿನ ಫ್ಯಾಕ್ಟರಿ ತಂಡಗಳನ್ನು ಅವನು ಎದುರಿಸಲಿಲ್ಲ. 'ಜಗತ್ತನ್ನೇ ಗೆದ್ದ' ಎನ್ನುವುದು ಉತ್ಪ್ರೇಕ್ಷೆ. ಹಾಗೆಂದು ಎದುರಾಳಿಗಳು ಸಪ್ಪೆಯವರೂ ಆಗಿರಲಿಲ್ಲ. 1992ರ ಡೇಟೋನಾದಲ್ಲಿ ಬ್ರಿಟ್ಟನ್ ಬೈಕಿನ ಸವಾರ ಆಂಡ್ರ್ಯೂ ಸ್ಟ್ರೌಡ್ ಹಿಂದೆ ಹಾಕಿದ್ದು ಪಾಸ್ಕಲ್ ಪಿಕಾಟ್‌ನ ಡುಕಾಟಿ 888 ಅನ್ನು. ಹಿಂದಿನ ರಾತ್ರಿ ಸಿಲಿಂಡರ್ ಲೈನರ್ ಬಿರುಕು ಬಿಟ್ಟಿತ್ತು, ನಿದ್ದೆಗೆಟ್ಟು ವೆಲ್ಡ್ ಮಾಡಿ ನಿಲ್ಲಿಸಿದ್ದರು. ವೆಲ್ಡಿಂಗ್ ತಡೆಯಿತು, ಆದರೆ ಗೆಲುವು ಕಣ್ಣೆದುರಿಗಿದ್ದಾಗ ಎಲೆಕ್ಟ್ರಿಕಲ್ ದೋಷದಿಂದ ಬೈಕು ನಿಂತೇಹೋಯಿತು.

ಬ್ರಿಟ್ಟನ್ ಕುರಿತ ಸಾಕ್ಷ್ಯಚಿತ್ರದಲ್ಲಿ ಆ ಸೋಲು ದೊಡ್ಡ ದುರಂತವಾಗಿ ಕಾಣುತ್ತದೆ. ನನಗದು ಅವನ ಕೆಲಸದ ರೀತಿಯ ದೌರ್ಬಲ್ಯವೇ ಹೊರಬಿದ್ದಂತೆ ಕಾಣುತ್ತದೆ. ಕೈಯಲ್ಲಿದ್ದುದನ್ನು ಸಾವಿರ ಕಿಲೋಮೀಟರ್ ಓಡಿಸಿ ಪರೀಕ್ಷಿಸುವ ಬದಲು ರೇಸಿನ ಹಿಂದಿನ ವಾರದವರೆಗೂ ಬದಲಾಯಿಸುತ್ತಲೇ ಇರುವ ಚಟ ಸಂಪಾದಕನ ಪ್ರತಿಭೆಯ ಜೊತೆಗೇ ಬರುತ್ತದೆ. ದೊಡ್ಡ ಕಂಪನಿಯ ನಿಧಾನವನ್ನು ಗೇಲಿ ಮಾಡುವವರು, ಒಂದು ರೆಗ್ಯುಲೇಟರನ್ನೂ ನೂರು ಸಲ ಪರೀಕ್ಷಿಸುವುದು ಅದೇ ನಿಧಾನ ಎಂಬುದನ್ನು ಮರೆಯುತ್ತಾರೆ. 1994ರಲ್ಲಿ ಐಲ್ ಆಫ್ ಮ್ಯಾನ್ ಟಿಟಿಯ ಪ್ರಾಕ್ಟೀಸಿನಲ್ಲಿ ಬ್ರಿಟ್ಟನ್ ಬೈಕು ಓಡಿಸುತ್ತಿದ್ದ ಮಾರ್ಕ್ ಫಾರ್ಮರ್ ಅಪಘಾತದಲ್ಲಿ ತೀರಿಕೊಂಡ. ಟಿಟಿ ಎಷ್ಟೋ ಜನರನ್ನು, ಎಷ್ಟೋ ಕಂಪನಿಗಳ ಬೈಕುಗಳ ಮೇಲೆ ಬಲಿ ತೆಗೆದುಕೊಂಡ ರಸ್ತೆ. ಆದರೂ ಹಿತ್ತಲಿನ ಪವಾಡದ ಕಥೆ ಹೇಳುವವರು ಆ ಹೆಸರನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ಪ್ರಭಾವದ ಪ್ರಶ್ನೆಗೆ ಉತ್ತರ ಚಿಕ್ಕದು. ಬಿಎಂಡಬ್ಲ್ಯು 2004ರಲ್ಲಿ ಕೆ1200ಎಸ್‌ಗೆ ಹೊಸಾಕ್ ಮಾದರಿಯ ಮುಂಭಾಗ ಹಾಕಿತು. ಎಂಜಿನ್ನನ್ನೇ ಚೌಕಟ್ಟಾಗಿಸುವ ದಾರಿಯನ್ನು ಡುಕಾಟಿ ತನ್ನ ಪಾನಿಗಾಲೆಯಲ್ಲಿ ಹಿಡಿಯಿತು. ಇವು ಬ್ರಿಟ್ಟನ್‌ನಿಂದಲೇ ಬಂದವು ಎನ್ನುವುದು ಅಭಿಮಾನದ ಮಾತಾದೀತು. ರೇಸ್ ಜಗತ್ತು ಇಂದಿಗೂ ಎರಡು ಕೊಳವೆಯ ಫೋರ್ಕನ್ನೇ ನೆಚ್ಚಿಕೊಂಡಿದೆ, ಯಾಕೆಂದರೆ ಅದರ ದೋಷಗಳು ಎಲ್ಲರಿಗೂ ಬಾಯಿಪಾಠ. ಬ್ರಿಟ್ಟನ್ ಪರಂಪರೆ ಬೆಳೆಸಲಿಲ್ಲ, ಅವನ ಬೈಕಿನಿಂದ ಒಂದು ಭಾಗವನ್ನಷ್ಟೇ ಕಿತ್ತು ಬೇರೆಡೆ ಹಾಕಿದರೆ ಅದಕ್ಕೆ ಅರ್ಥವೂ ಉಳಿಯುವುದಿಲ್ಲ.

ಉಳಿದದ್ದು ಬಾಳಿಕೆಯ ಆಕ್ಷೇಪ. ಅದಕ್ಕೆ ಉತ್ತರ ಬರತೊಡಗುವ ಹೊತ್ತಿಗೆ ಕಾಲ ಕಡಿಮೆಯಿತ್ತು. 1993ರಲ್ಲಿ ಗಂಟೆಗೆ 302 ಕಿಲೋಮೀಟರ್ ದಾಟಿ 1000 ಸಿಸಿ ವರ್ಗದ ವಿಶ್ವದಾಖಲೆ. 1994ರಲ್ಲಿ ಕೊನೆಗೂ ಡೇಟೋನಾದ ಗೆಲುವು. 1995ರ ಬೇರ್ಸ್ ಸರಣಿಯಲ್ಲಿ ಸ್ಟ್ರೌಡ್ ಮೊದಲು, ಸ್ಟೀಫನ್ ಬ್ರಿಗ್ಸ್ ಎರಡನೆಯವ, ಇಬ್ಬರದೂ ಬ್ರಿಟ್ಟನ್ ಬೈಕೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ, 45ನೇ ವಯಸ್ಸಿಗೆ, ಬ್ರಿಟ್ಟನ್ ಕ್ಯಾನ್ಸರಿನಿಂದ ತೀರಿಕೊಂಡ. ಆಮೇಲೆ ದಿನಾ ಏನಾದರೊಂದು ಬದಲಾಯಿಸುವ ಕೈ ಇರಲಿಲ್ಲ. ಇದ್ದ ಬೈಕನ್ನೇ ಸರಿಯಾಗಿ ನೋಡಿಕೊಂಡು ಓಡಿಸಿದರು. 1996ರಲ್ಲೂ 1997ರಲ್ಲೂ ಸ್ಟ್ರೌಡ್ ಡೇಟೋನಾ ಗೆದ್ದ.