ಗೊರಿಲ್ಲಾ ಎಸೆದ ಬಾಳೆಹಣ್ಣು: ಒಂದು ಹಳೆಯ ಯುದ್ಧದಾಟದ ಭೌತವಿಮರ್ಶೆ

1991ರ ಜೂನ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಎಂಎಸ್-ಡಾಸ್ 5.0 ಅನ್ನು ಬಿಡುಗಡೆ ಮಾಡಿತು. ಅದರ ಜೊತೆಗೆ ಕ್ಯೂಬೇಸಿಕ್ ಭಾಷೆಯೂ ಆ ಭಾಷೆಯಲ್ಲಿ ಬರೆದ ಕೆಲವು ಮಾದರಿ ಪ್ರೋಗ್ರಾಮುಗಳೂ ಬಂದವು. ಅವುಗಳಲ್ಲಿ ಒಂದು ‘ಗೊರಿಲ್ಲಾ’. ಪಟ್ಟಣವೊಂದರ ಎತ್ತರದ ಕಟ್ಟಡಗಳ ಮೇಲೆ ಎರಡು ಗೊರಿಲ್ಲಾಗಳು ಎದುರುಬದುರಾಗಿ ನಿಂತು, ಸಿಡಿಯುವ ಬಾಳೆಹಣ್ಣುಗಳನ್ನು ಸರದಿಯಂತೆ ಎಸೆದಾಡುತ್ತವೆ. ಆಟಗಾರ ಕೊಡಬೇಕಾದದ್ದು ಎರಡೇ ಸಂಖ್ಯೆಗಳನ್ನು: ಎಸೆಯುವ ಕೋನ ಮತ್ತು ಎಸೆಯುವ ವೇಗ. ಫಿರಂಗಿ ಕಾಳಗವನ್ನು ತಮಾಷೆಯಾಗಿಸಿದ ಆಟವಿದು. ಹಳೆಯ ಕಂಪ್ಯೂಟರ್ ಆಟಗಳಲ್ಲಿ ಭೌತವಿಜ್ಞಾನದ ತರಗತಿಗೆ ಇದಕ್ಕಿಂತ ಹತ್ತಿರವಾದುದು ನನಗೆ ಗೊತ್ತಿಲ್ಲ. ಆದ್ದರಿಂದಲೇ ಇದನ್ನು ಒಂದು ಪಠ್ಯಪುಸ್ತಕವನ್ನು ಓದುವಷ್ಟೇ ಕಟ್ಟುನಿಟ್ಟಾಗಿ ಓದಬೇಕೆಂದು ನನ್ನ ಅಭಿಪ್ರಾಯ.

ಕಾರಣವಿದೆ. ಕರಿಹಲಗೆಯ ಮೇಲೆ ನಾವು ಬರೆದ ಸಮೀಕರಣವನ್ನು ವಿದ್ಯಾರ್ಥಿ ಪ್ರಶ್ನಿಸಬಲ್ಲ. ತೆರೆಯ ಮೇಲೆ ಕಣ್ಣಾರೆ ಕಂಡದ್ದನ್ನು ಅವನು ಪ್ರಶ್ನಿಸುವುದಿಲ್ಲ. ಕುದ್ರೋಳಿಯಲ್ಲಿ ದಸರಾ ರಜೆಯಲ್ಲಿ ಈ ಆಟವನ್ನು ಆಡಿದ ಕೆಲವು ಪಿಯುಸಿ ಹುಡುಗರು ನನ್ನೊಡನೆ ವಾದಕ್ಕೆ ನಿಂತರು. ಗಾಳಿ ಹಿಂದಿನಿಂದ ಬೀಸುವಾಗ ಎಸೆದ ವಸ್ತುವಿನ ವೇಗ ಗಾಳಿಯ ವೇಗಕ್ಕೆ ಯಾವ ಲೆಕ್ಕವನ್ನೂ ಇಟ್ಟುಕೊಳ್ಳದೆ ಏರುತ್ತಲೇ ಹೋಗುತ್ತದೆ ಎಂಬುದು ಅವರ ವಾದ. “ಕಂಪ್ಯೂಟರಿನಲ್ಲಿ ಹಾಗೇ ಬರ್ತದಲ್ಲ ಸಾರ್” ಎಂಬುದೇ ಅವರ ಆಧಾರ. ಹುಡುಗರು ನೋಡಿದ್ದು ಸರಿಯಾಗಿತ್ತು. ಕಂಪ್ಯೂಟರಿನಲ್ಲಿ ಹಾಗೆಯೇ ಬರುತ್ತದೆ!

ಅಳವಡಿಸುವ ಬಗೆ

ಇಂದಿನ 64 ಬಿಟ್ ವಿಂಡೋಸ್, ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳನ್ನು ನೇರವಾಗಿ ನಡೆಸುವುದಿಲ್ಲ. ಹಳೆಯ ಯಂತ್ರವನ್ನು ಅನುಕರಿಸುವ ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶ ಬೇಕು. ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ದೊರೆಯುತ್ತದೆ. ಡಾಸ್ 5.0ರ ಹಳೆಯ ಡಿಸ್ಕು ನಿಮ್ಮ ಶಾಲೆಯ ಬೀರುವಿನಲ್ಲಿ ಉಳಿದಿದ್ದರೆ, ಅದರಿಂದ ಕ್ಯೂಬೇಸಿಕ್ ಮತ್ತು ಗೊರಿಲ್ಲಾ ಕಡತಗಳನ್ನು ಒಂದು ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ಡಾಸ್‌ಬಾಕ್ಸ್ ತೆರೆದು ‘ಮೌಂಟ್’ ಎಂಬ ಆದೇಶದಿಂದ ಆ ಫೋಲ್ಡರನ್ನು ‘ಸಿ’ ಡ್ರೈವ್ ಎಂದು ಸೂಚಿಸಿ, ‘ಸಿ’ ಡ್ರೈವಿಗೆ ಹೋಗಿ, ಕ್ಯೂಬೇಸಿಕ್ ನಡೆಸಿ. ಫೈಲ್ ಪಟ್ಟಿಯಿಂದ ಗೊರಿಲ್ಲಾ ಕಡತವನ್ನು ತೆರೆದು ಶಿಫ್ಟ್ ಕೀಲಿಯೊಡನೆ ಎಫ್5 ಒತ್ತಿದರೆ ಆಟ ಶುರು. ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ಇಟ್ಟಿರಿ. ಮುಂದೆ ನಾವು ಅದರೊಳಗೆ ಕೈಹಾಕಲಿದ್ದೇವೆ.

ಆಟ ತೀರ ವೇಗವಾಗಿ ಅಥವಾ ನಿಧಾನವಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11 ಅಥವಾ ಎಫ್12 ಒತ್ತಿ ಅನುಕರಿಸಿದ ಯಂತ್ರದ ವೇಗವನ್ನು ತಗ್ಗಿಸಬಹುದು, ಏರಿಸಬಹುದು. ಪ್ರೋಗ್ರಾಮಿನ ತಲೆಯಲ್ಲೇ ‘ಸ್ಪೀಡ್‌ಕಾನ್ಸ್ಟ್’ ಎಂಬ ಸ್ಥಿರಾಂಕವಿದೆ, ಬೆಲೆ 500. ಅದನ್ನು ಹೆಚ್ಚಿಸಿದರೆ ಆಟದ ಓಟ ಹೆಚ್ಚುತ್ತದೆ ಎಂಬ ಸೂಚನೆಯೂ ಅಲ್ಲಿಯೇ ಇದೆ.

ಆಟ ಮೊದಲಿಗೆ ಇಬ್ಬರು ಆಟಗಾರರ ಹೆಸರನ್ನೂ ಎಷ್ಟು ಸುತ್ತು ಆಡಬೇಕೆಂಬುದನ್ನೂ ಕೇಳುತ್ತದೆ. ಆಮೇಲೆ ಗುರುತ್ವದ ಬೆಲೆಯನ್ನು ಕೇಳುತ್ತದೆ, ಭೂಮಿಗೆ 9.8 ಎಂದು ತಾನೇ ಹೇಳಿಕೊಡುತ್ತದೆ. ಚಂದ್ರನ ಮೇಲೆ ಆಡಬೇಕೆಂದರೆ 1.6 ಕೊಡಿ. ತೆರೆಯ ಕೆಳಭಾಗದ ಬಾಣ ಗಾಳಿಯ ದಿಕ್ಕನ್ನೂ ಬಲವನ್ನೂ ತೋರಿಸುತ್ತದೆ. ಭೂಗುರುತ್ವದಲ್ಲಿ, ಗಾಳಿಯಿಲ್ಲದಾಗ, 45 ಡಿಗ್ರಿ ಕೋನದಲ್ಲಿ 80ರ ವೇಗದಿಂದ ಎಸೆದರೆ ಹಣ್ಣು 653 ಪಿಕ್ಸೆಲ್ ದೂರ ಹೋಗುತ್ತದೆ. ವೇಗದ ವರ್ಗವನ್ನು ಗುರುತ್ವದಿಂದ ಭಾಗಿಸಿದರೆ ಬರುವ ಬೆಲೆಯೇ ಅದು. ತೆರೆಯ ಅಗಲ 640 ಪಿಕ್ಸೆಲ್. ಅಂದರೆ 80ಕ್ಕಿಂತ ಬಹಳ ಮೇಲಿನ ವೇಗದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಹಣ್ಣು ಸೂರ್ಯನಿಗೆ ತಗುಲಿದರೆ ಅವನ ನಗುಮುಖ ಬೆರಗಾಗಿ ಬಾಯಿ ತೆರೆಯುತ್ತದೆ. ಇದಕ್ಕೆ ಭೌತವಿಜ್ಞಾನದಲ್ಲಿ ವಿವರಣೆ ಇಲ್ಲ, ಬೇಕಾಗಿಯೂ ಇಲ್ಲ.

ಈಗ ದೋಷಗಳ ವಿಚಾರಕ್ಕೆ ಬರೋಣ. ಗುರುತ್ವವನ್ನು ಕೇಳುವ ಸಾಲಿನಲ್ಲೇ ಮೊದಲನೆಯದು ಕಾಣುತ್ತದೆ. ಅಲ್ಲಿ ಏಕಮಾನ ‘ಮೀಟರ್/ಸೆಕೆಂಡ್’ ಎಂದಿದೆ. ಅದು ವೇಗದ ಏಕಮಾನ. ವೇಗೋತ್ಕರ್ಷಕ್ಕೆ ಮೀಟರ್/ಸೆಕೆಂಡ್² ಆಗಬೇಕು. ಉತ್ತರಪತ್ರಿಕೆಯಲ್ಲಿ ಹೀಗೆ ಬರೆದವರಿಗೆ ನಾವು ಅರ್ಧ ಅಂಕ ಕಳೆಯುತ್ತೇವೆ. ಎರಡನೆಯದು ಕಾಲದ್ದು. ಹಣ್ಣಿನ ಒಂದು ಸ್ಥಾನದಿಂದ ಮುಂದಿನ ಸ್ಥಾನಕ್ಕೆ ಪ್ರೋಗ್ರಾಮಿನ ಲೆಕ್ಕದ ಗಡಿಯಾರ 0.1 ಸೆಕೆಂಡು ಮುಂದೆ ಹೋಗುತ್ತದೆ, ತೆರೆಯ ಮೇಲಿನ ವಿರಾಮವಾದರೋ 0.02 ಸೆಕೆಂಡು ಮಾತ್ರ. ಚಲನೆ ಹೆಚ್ಚುಕಡಿಮೆ ಐದು ಪಟ್ಟು ವೇಗದಲ್ಲಿ ಕಾಣುತ್ತದೆ. ಆಟದ ದೃಷ್ಟಿಯಿಂದ ಇದು ಸರಿಯೇ, ಹನ್ನೊಂದು ಸೆಕೆಂಡು ಬಾಳೆಹಣ್ಣಿಗಾಗಿ ಕಾಯುವ ತಾಳ್ಮೆ ಯಾರಿಗಿದೆ? ಆದರೆ ಕೈಗಡಿಯಾರ ಹಿಡಿದು ತೆರೆಯಿಂದ ಗುರುತ್ವವನ್ನು ಅಳೆಯಹೊರಟ ವಿದ್ಯಾರ್ಥಿಗೆ ಇದು ಗೊತ್ತಿರಬೇಕು.

ಮೂರನೆಯದು ಕೋನಕ್ಕೆ ಸಂಬಂಧಿಸಿದ್ದು. ಅಂದಿನ ಇಜಿಎ ತೆರೆಯಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 350 ಪಿಕ್ಸೆಲ್‌ಗಳು. ತೆರೆಯ ಆಕಾರವಾದರೋ 4ಕ್ಕೆ 3. ಹೀಗಾಗಿ ಒಂದೊಂದು ಪಿಕ್ಸೆಲ್ ತನ್ನ ಅಗಲಕ್ಕಿಂತ 1.37ರಷ್ಟು ಎತ್ತರ. ಪ್ರೋಗ್ರಾಮಿನ 45 ಡಿಗ್ರಿ ಕಣ್ಣಿಗೆ ಸುಮಾರು 54 ಡಿಗ್ರಿಯಾಗಿ ಕಾಣುತ್ತಿತ್ತು. ಡಾಸ್‌ಬಾಕ್ಸ್‌ನ ಸಂಯೋಜನಾ ಕಡತದಲ್ಲಿ ‘ಆಸ್ಪೆಕ್ಟ್’ ಎಂಬ ಆಯ್ಕೆಯನ್ನು ಮುಟ್ಟದೆ ಬಿಟ್ಟರೆ ಪಿಕ್ಸೆಲ್‌ಗಳು ಚೌಕವಾಗಿಯೇ ಇರುತ್ತವೆ. ಕೋನಮಾಪಕ ಹಿಡಿದು ಅಳೆಯುವವರಿಗೆ ಅದೇ ಅನುಕೂಲ.

ಗಾಳಿ ಎಂಬ ಎರಡನೆಯ ಗುರುತ್ವ

ಇವೆಲ್ಲ ಸಣ್ಣ ತಕರಾರುಗಳು. ದೊಡ್ಡದು ಗಾಳಿಯದು. ಹಣ್ಣಿನ ಅಡ್ಡ ಸ್ಥಾನವನ್ನು ಲೆಕ್ಕಹಾಕುವ ಸಾಲನ್ನು ಕ್ಯೂಬೇಸಿಕ್‌ನಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಮೂರು ಪದಗಳಿವೆ: ಆರಂಭದ ಸ್ಥಾನ, ಅಡ್ಡ ವೇಗ ಮತ್ತು ಕಾಲದ ಗುಣಲಬ್ಧ, ಕೊನೆಯದಾಗಿ, ಗಾಳಿಯ ಐದನೆಯ ಒಂದು ಭಾಗವನ್ನು ಕಾಲದ ವರ್ಗದಿಂದ ಗುಣಿಸಿ ಅರ್ಧಿಸಿದ್ದು. ಮೂರನೆಯ ಪದದ ರೂಪ ಪಿಯುಸಿ ಓದಿದವರಿಗೆಲ್ಲ ಪರಿಚಿತ. ಅದು ಸ್ಥಿರ ವೇಗೋತ್ಕರ್ಷದಿಂದ ಆಗುವ ಸ್ಥಾನಪಲ್ಲಟ. ಅಂದರೆ ಇಲ್ಲಿ ಗಾಳಿ ಒಂದು ಅಡ್ಡ ಗುರುತ್ವ! ಗಾಳಿಯ ಬೆಲೆ 10 ಆಗಿದ್ದರೆ ಅಡ್ಡ ವೇಗೋತ್ಕರ್ಷ 2. ಅದನ್ನು 9.8ರೊಂದಿಗೆ ಸದಿಶವಾಗಿ ಕೂಡಿಸಿದರೆ ಸುಮಾರು 11.5 ಡಿಗ್ರಿ ವಾಲಿದ ಒಂದೇ ಗುರುತ್ವ ದೊರೆಯುತ್ತದೆ. ಹಣ್ಣಿನ ಪಥ ಪರವಲಯವಾಗಿಯೇ ಉಳಿಯುತ್ತದೆ. ಪರವಲಯದ ಅಕ್ಷ ಮಾತ್ರ ವಾಲುತ್ತದೆ.

ಇದರ ಪರಿಣಾಮ ಸ್ವಾರಸ್ಯಕರ. ಸಮತಟ್ಟು ನೆಲದಲ್ಲಿ ಅತಿ ಹೆಚ್ಚು ದೂರಕ್ಕೆ 45 ಡಿಗ್ರಿ ಎಂಬ ನಿಯಮ ಇಲ್ಲಿ ಸಲ್ಲದು. ಹಿಂದಿನಿಂದ 10ರ ಗಾಳಿ ಬೀಸುವಾಗ ಸುಮಾರು 51 ಡಿಗ್ರಿ, ಎದುರುಗಾಳಿಗೆ ಸುಮಾರು 39 ಡಿಗ್ರಿ. ವಾಲಿದ ಗುರುತ್ವಕ್ಕೆ ವಿರುದ್ಧವಾದ ದಿಕ್ಕಿಗೂ ನೆಲಕ್ಕೂ ನಡುವಣ ಕೋನವನ್ನು ಅರ್ಧಿಸಿದರೆ ಈ ಉತ್ತರ ಬರುತ್ತದೆ, ಕಲನಶಾಸ್ತ್ರ ಬೇಡ. ಆಟದಲ್ಲಿ ಗೆಲ್ಲಬೇಕೆಂದರೆ ಈ ಸೂತ್ರ ಸಾಕು. ನಿಜವಾದ ಗಾಳಿಗೆ ಇದನ್ನು ಅನ್ವಯಿಸಿದರೆ ಮಾತ್ರ ಕೆಟ್ಟಿತು.

ಏಕೆ? 45 ಡಿಗ್ರಿಯಲ್ಲಿ 80ರ ವೇಗದಿಂದ ಎಸೆದ ಹಣ್ಣು ಆಟದ ಲೆಕ್ಕದಲ್ಲಿ ಸುಮಾರು 11.5 ಸೆಕೆಂಡು ಗಾಳಿಯಲ್ಲಿರುತ್ತದೆ. ಅಷ್ಟರಲ್ಲಿ 10ರ ಗಾಳಿ ಅದರ ಅಡ್ಡ ವೇಗಕ್ಕೆ 23ನ್ನು ಸೇರಿಸುತ್ತದೆ. ಎಸೆದಾಗ ಹಣ್ಣಿನ ಅಡ್ಡ ವೇಗ 56ಕ್ಕೂ ಹೆಚ್ಚು. 10ರ ವೇಗದಲ್ಲಿ ಬೀಸುವ ಗಾಳಿಯನ್ನು ಅದು ಆಗಲೇ ಹಿಂದಿಕ್ಕಿ ಹೋಗುತ್ತಿದೆ. ಹಿಂದೆ ಬಿದ್ದ ಗಾಳಿ ಮುಂದೆ ಓಡುವ ಹಣ್ಣನ್ನು ತಳ್ಳುವುದಾದರೂ ಹೇಗೆ? ವಾಸ್ತವದಲ್ಲಿ ಆ ಹಣ್ಣಿಗೆ ಗಾಳಿ ಎದುರಿನಿಂದಲೇ ಬಡಿಯುತ್ತದೆ. ಗಾಳಿಯೇ ಇಲ್ಲದಿದ್ದಾಗ ಬಡಿಯುವುದಕ್ಕಿಂತ ಸ್ವಲ್ಪ ಮೆಲ್ಲಗೆ, ಅಷ್ಟೆ. ಗಾಳಿಯ ಬಲ ನಿರ್ಧಾರವಾಗುವುದು ಗಾಳಿಯ ವೇಗದಿಂದಲ್ಲ, ವಸ್ತು ಮತ್ತು ಗಾಳಿಯ ಸಾಪೇಕ್ಷ ವೇಗದಿಂದ. ಸಂಜೆ ಕಡಲಗಾಳಿಗೆ ಬಯಲಿನಲ್ಲಿ ಶಟಲ್ ಆಡಿದ ಯಾವ ಹುಡುಗನಿಗೂ ಇದು ಗೊತ್ತು. ಎತ್ತರಕ್ಕೆ ಹೊಡೆದ ಶಟಲ್ ಬೇಗನೆ ತನ್ನ ವೇಗ ಕಳೆದುಕೊಂಡು ಗಾಳಿಯ ಜೊತೆ ತೇಲಿ ಬರುತ್ತದೆಯೇ ಹೊರತು ಗಾಳಿಯನ್ನು ಮೀರಿ ಓಡುವುದಿಲ್ಲ.

ಗಾಳಿಯ ತಡೆಯನ್ನು ಬಿಟ್ಟುಬಿಟ್ಟದ್ದೇ ಇದರ ಮೂಲ. ಪರವಲಯದ ಪಥವನ್ನು ಗೆಲಿಲಿಯೋ ತನ್ನ 1638ರ ಗ್ರಂಥದಲ್ಲಿ ಪ್ರಕಟಿಸಿದ. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತೂಗುಲೋಲಕಕ್ಕೆ ಗುಂಡು ಹೊಡೆದು ಗುಂಡಿನ ವೇಗವನ್ನು ಅಳೆಯುವ ವಿಧಾನವನ್ನು ವಿವರಿಸಿದ. ಸೆಕೆಂಡಿಗೆ 1700 ಅಡಿ ವೇಗದ ಕೋವಿಗುಂಡು ಪರವಲಯದ ಲೆಕ್ಕದಂತೆ 45 ಡಿಗ್ರಿಯಲ್ಲಿ ಸುಮಾರು 17 ಮೈಲಿ ಹೋಗಬೇಕು. ನಿಜದಲ್ಲಿ ಅರ್ಧ ಮೈಲಿಯೂ ಹೋಗುವುದಿಲ್ಲ ಎಂದು ತೋರಿಸಿದವನು ಅವನೇ. ಇದು ನಮ್ಮ ಊರಿಗೆ ದೂರದ ಸಂಗತಿಯಲ್ಲ. ಕುದ್ರೋಳಿಯಿಂದ ಬೋಳೂರಿನತ್ತ ಹೋದರೆ ಗುರುಪುರ ನದಿಯ ದಂಡೆಯಲ್ಲಿ ಸುಲ್ತಾನ್ ಬತ್ತೇರಿ ಇದೆ. ನದಿಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿಸಿದ್ದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದವರು ಗೋಡೆಯಲ್ಲಿನ ಫಿರಂಗಿ ಕಿಂಡಿಗಳನ್ನು ತೋರಿಸಿ. ಅಲ್ಲಿಂದ ಫಿರಂಗಿಯ ಮೂತಿಯನ್ನು 45 ಡಿಗ್ರಿಗೆ ಎತ್ತಲು ಸಾಧ್ಯವೇ ಎಂದು ಕೇಳಿ. ಹತ್ತಿರದ ದೋಣಿಗೆ ಹೆಚ್ಚುಕಡಿಮೆ ನೇರವಾಗಿ ಗುಂಡು ಹಾರಿಸುವ ಏರ್ಪಾಡು ಅದು. ಪಠ್ಯದ 45 ಡಿಗ್ರಿಗೂ ಗೋಲಂದಾಜನ ಕೆಲಸಕ್ಕೂ ಇರುವ ಅಂತರ ಆ ಕಿಂಡಿಯಲ್ಲೇ ಕಾಣುತ್ತದೆ.

ಇದರಲ್ಲೊಂದು ವ್ಯಂಗ್ಯವೂ ಉಂಟು. ಗಾಳಿಯ ತಡೆಯನ್ನು ಸೇರಿಸಿದ ಪಥಗಳನ್ನು ಕೈಯಿಂದ ಲೆಕ್ಕಹಾಕುವುದು ಬಲು ಕಷ್ಟವಾದ್ದರಿಂದಲೇ ಅಮೆರಿಕದ ಸೇನೆ ಎನಿಯಾಕ್ ಕಂಪ್ಯೂಟರನ್ನು ಕಟ್ಟಿಸಿತು. 1946ರ ಫೆಬ್ರವರಿಯಲ್ಲಿ ಅದು ಸಾರ್ವಜನಿಕರ ಕಣ್ಣಿಗೆ ಬಿತ್ತು. ಒಬ್ಬರು ಸುಮಾರು 20 ಗಂಟೆ ಕುಳಿತು ಹಾಕುವ ಪಥದ ಲೆಕ್ಕವನ್ನು ಅದು 30 ಸೆಕೆಂಡುಗಳಲ್ಲಿ ಮುಗಿಸುತ್ತಿತ್ತು. ಮುಂದೆ ಕಂಪ್ಯೂಟರ್ ಮನೆಗೆ ಬಂದು ಅದೇ ಫಿರಂಗಿ ಆಟವಾದಾಗ, ಗಾಳಿಯ ತಡೆಯನ್ನು ಕೈಬಿಟ್ಟು ಮತ್ತೆ ಗೆಲಿಲಿಯೋನ ಪರವಲಯಕ್ಕೇ ಮರಳಿದರು. 1978ರ ‘ಬೇಸಿಕ್ ಕಂಪ್ಯೂಟರ್ ಗೇಮ್ಸ್’ ಪುಸ್ತಕದಲ್ಲಿರುವ ‘ಗನ್ನರ್’ ಎಂಬ ಆಟವೂ ಇದೇ ಜಾತಿಯದು. ಚಿತ್ರವಿಲ್ಲ, ಬರಿಯ ಸಂಖ್ಯೆಗಳು. ಹತ್ತಾರು ಸಾವಿರ ಗಜ ದೂರದ ಗುರಿಗೂ ಕೋನದ ಎರಡರಷ್ಟರ ಸೈನ್ ಒಂದೇ ಅದರ ಬಂಡವಾಳ.

ಇದೇ ಕಾಲದ ಇನ್ನೊಂದು ಆಟ ವೆಂಡೆಲ್ ಹಿಕನ್ 1991ರಲ್ಲಿ ರಚಿಸಿದ ‘ಸ್ಕಾರ್ಚ್ಡ್ ಅರ್ತ್’. ಇದೂ ಡಾಸ್‌ಬಾಕ್ಸ್‌ನಲ್ಲಿ ಚೆನ್ನಾಗಿ ಓಡುತ್ತದೆ. ಹತ್ತು ಮಂದಿಯವರೆಗೆ ಆಡಬಹುದಾದ ಟ್ಯಾಂಕುಗಳ ಕಾಳಗ. ಗುರುತ್ವ, ಗಾಳಿ, ಗಾಳಿಯ ಸ್ನಿಗ್ಧತೆ, ತೆರೆಯ ಅಂಚಿನ ಗೋಡೆಯ ಪುಟಿತ, ಎಲ್ಲವನ್ನೂ ನಮಗೆ ಬೇಕಾದಂತೆ ಹೊಂದಿಸಬಹುದು. ಸ್ನಿಗ್ಧತೆಗೆ ಜಾಗ ಕೊಟ್ಟ ಮಟ್ಟಿಗೆ ಇದು ಗೊರಿಲ್ಲಾಕ್ಕಿಂತ ಒಂದು ಹೆಜ್ಜೆ ಮುಂದೆ. ಆಟವಾಗಿಯೂ ಹೆಚ್ಚು ರಂಜಕ. ಸುತ್ತು ಮುಗಿದಾಗ ಗಳಿಸಿದ ಹಣದಲ್ಲಿ ಅಂಗಡಿಯ ಸರಕಿನಂತೆ ಅಣುಬಾಂಬನ್ನು ಕೊಳ್ಳುವ ಏರ್ಪಾಡು ನನಗೆ ಹಿಡಿಸಲಿಲ್ಲ, ಇರಲಿ. ನನ್ನ ಮುಖ್ಯ ಆಕ್ಷೇಪ ಬೇರೆ. ಅದು ನಮಗೆ ಸಿಗುವುದು ಮುಚ್ಚಿದ ಪೆಟ್ಟಿಗೆಯಾಗಿ. ಸ್ನಿಗ್ಧತೆ ಎಂದು ಅದು ಕರೆಯುವುದು ನಿಜಕ್ಕೂ ಯಾವ ಸಮೀಕರಣ ಎಂಬುದನ್ನು ವಿದ್ಯಾರ್ಥಿ ತೆರೆದು ನೋಡುವಂತಿಲ್ಲ.

ಗೊರಿಲ್ಲಾ ತಪ್ಪನ್ನು ಬಚ್ಚಿಡುವುದಿಲ್ಲ. ತರಗತಿಗೆ ನಾನು ಅದನ್ನೇ ಆರಿಸುವುದು ಈ ಕಾರಣಕ್ಕೆ. ತಪ್ಪು ಇರುವ ಸಾಲು ಕಣ್ಣೆದುರಿಗೇ ಇದೆ, ತಿದ್ದಲೂಬಹುದು. ಸ್ಥಾನವನ್ನು ಸೂತ್ರದಿಂದ ನೇರವಾಗಿ ಪಡೆಯುವ ಎರಡು ಸಾಲುಗಳನ್ನು ತೆಗೆದು, ಪ್ರತಿ ಹೆಜ್ಜೆಗೂ ವೇಗವನ್ನು ಬದಲಿಸುವ ನಾಲ್ಕು ಸಾಲುಗಳನ್ನು ಹಾಕಿ. ಅಡ್ಡ ವೇಗೋತ್ಕರ್ಷ = −ಕ × (ಅಡ್ಡ ವೇಗ − ಗಾಳಿಯ ವೇಗ). ಮೇಲ್ಮುಖ ವೇಗೋತ್ಕರ್ಷ = −ಗುರುತ್ವ − ಕ × ಮೇಲ್ಮುಖ ವೇಗ. ಇವನ್ನು 0.1ರಿಂದ ಗುಣಿಸಿ ವೇಗಗಳಿಗೆ ಕೂಡಿ, ವೇಗಗಳನ್ನು 0.1ರಿಂದ ಗುಣಿಸಿ ಸ್ಥಾನಗಳಿಗೆ ಕೂಡಿ. ತೆರೆಯ ಮೇಲೆ ಕೆಳಮುಖವೇ ಧನ ದಿಕ್ಕು ಎಂಬುದನ್ನು ಮರೆಯದಿರಿ, ಚಿಹ್ನೆ ತಪ್ಪಿದರೆ ಹಣ್ಣು ಪಾತಾಳಕ್ಕೆ ಹೋಗುತ್ತದೆ. ನಿಜವಾದ ಗುಂಡಿಗೆ ತಡೆ ವೇಗದ ವರ್ಗವನ್ನು ಅನುಸರಿಸುತ್ತದೆಯಾದರೂ ಮೊದಲ ಪ್ರಯತ್ನಕ್ಕೆ ಈ ಸರಳ ರೂಪ ಸಾಕು.

ಕ = 0.05 ಎಂದು ಇಟ್ಟುಕೊಂಡು ನಾನು ಲೆಕ್ಕಹಾಕಿದೆ. 45 ಡಿಗ್ರಿ, 80ರ ವೇಗ, ಗಾಳಿ ಇಲ್ಲ: 653 ಇದ್ದ ದೂರ ಸುಮಾರು 466ಕ್ಕೆ ಇಳಿಯಿತು. ಹಿಂದಿನಿಂದ 10ರ ಗಾಳಿ ಬೀಸಿದಾಗ ಸುಮಾರು 490 ಆಯಿತು. ಗಾಳಿಯಿಂದ ಸಿಕ್ಕ ಲಾಭ 24 ಪಿಕ್ಸೆಲ್. ಮೂಲ ಆಟದಲ್ಲಿ ಅದೇ ಗಾಳಿ ಕೊಡುವ ಲಾಭ 133. ಇದು ಸಮೀಕರಣದಿಂದ ನೇರವಾಗಿ ಪಡೆದ ಉತ್ತರ. 0.1 ಸೆಕೆಂಡಿನ ಹೆಜ್ಜೆಗಳಲ್ಲಿ ನಡೆಯುವ ನಿಮ್ಮ ಪ್ರೋಗ್ರಾಮ್ ಇದಕ್ಕಿಂತ ಕೊಂಚ ಬೇರೆಯದನ್ನು ತೋರಿಸಬಹುದು. ಹೆಜ್ಜೆಯನ್ನು 0.05ಕ್ಕೆ, ಆಮೇಲೆ 0.01ಕ್ಕೆ ಇಳಿಸಿ, ಅಂತರ ಹೇಗೆ ಕುಗ್ಗುತ್ತದೆಂದು ಪಟ್ಟಿಮಾಡಿ. ಅದಾದ ಬಳಿಕ, ತಡೆ ಇರುವಾಗ ಅತಿ ಹೆಚ್ಚು ದೂರ ಕೊಡುವ ಕೋನ 45ಕ್ಕಿಂತ ಮೇಲೋ ಕೆಳಗೋ ಎಂಬುದನ್ನು ಒಂದೊಂದೇ ಡಿಗ್ರಿ ಬದಲಿಸಿ ಹುಡುಕಿ.