ಕಿಲೋಮೀಟರಿನ ಲೆಕ್ಕ, ದುಡ್ಡಿನ ಲೆಕ್ಕ

ದೂರದೂರ ಸೈಕಲ್ ತುಳಿದು ಸೇವಾಕಾರ್ಯಕ್ಕೆ ದುಡ್ಡು ಕೂಡಿಸುವ ಯಾತ್ರೆಗಳ ಪೋಸ್ಟರು ಬೆಳಗಾವಿಯ ನಮ್ಮ ವಾಟ್ಸಾಪ್ ಗುಂಪುಗಳಿಗೂ ಬರತಾವೆ. ಎಷ್ಟು ಕಿಲೋಮೀಟರು, ಎಷ್ಟು ದಿನ, ಎಷ್ಟು ರಾಜ್ಯ, ಎಲ್ಲಾ ದಪ್ಪಕ್ಷರದಲ್ಲಿ. ನಾನು ಕೊಡೋ ಐನೂರು ರೂಪಾಯಿಯಲ್ಲಿ ಸವಾರರ ಲಾಡ್ಜಿಗೆ ಎಷ್ಟು, ಹಿಂದೆ ಬರೋ ಕಾರಿನ ಡೀಸೆಲ್ಲಿಗೆ ಎಷ್ಟು, ಮಕ್ಕಳಿಗೆ ಎಷ್ಟು ಅನ್ನೋದು ಸಣ್ಣಕ್ಷರದಲ್ಲೂ ಇರೋದಿಲ್ಲ. ಕೇಳಿದರೆ, ‘ಒಳ್ಳೆ ಕೆಲಸಕ್ಕೂ ಲೆಕ್ಕ ಕೇಳ್ತೀರೇನ್ರಿ?’ ಅಂತಾರೆ. ಹೌದ್ರಿ, ಕೇಳ್ತೀನಿ.

ನನ್ನ ತಕರಾರು ಸೈಕಲ್ಲಿನ ಮೇಲಲ್ಲ. ಕನ್ಯಾಕುಮಾರಿ ತನಕ ತುಳೀಬೇಕು ಅನ್ನೋ ಹುಚ್ಚು ಒಳ್ಳೇದೇ. ಆದರೆ ಹುಚ್ಚಿನ ಖರ್ಚು ಹುಚ್ಚಿದ್ದವರದ್ದೇ ಆಗಿರಬೇಕು. ನಮ್ಮ ಕಡೆಯಿಂದ ಪಂಢರಪುರದ ವಾರಿಗೆ ನಡೆದು ಹೋಗೋರನ್ನ ನೋಡ್ರಿ. ದಾರಿಯಲ್ಲಿ ಯಾರೋ ಊಟ ಹಾಕತಾರೆ, ಚಹಾ ಕೊಡತಾರೆ. ಹಾಗಂತ ತನ್ನ ನಡಿಗೆಯ ಹೆಸರಲ್ಲಿ ವಾರಕರಿ ರಸೀದಿ ಪುಸ್ತಕ ಹಿಡಕೊಂಡು ಹೊರಡೋದಿಲ್ಲ.

ಅಮೆರಿಕದ ಪ್ಯಾನ್-ಮಾಸ್ ಚಾಲೆಂಜ್ ಈ ಗಂಟನ್ನು ಸರಿಯಾಗಿ ಬಿಚ್ಚಿದೆ. 1980ರಲ್ಲಿ ಬಿಲ್ಲಿ ಸ್ಟಾರ್ ಎಂಬಾತ 36 ಸವಾರರೊಂದಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಇದನ್ನು ಶುರುಮಾಡಿದ. ಮೊದಲ ವರ್ಷ ಕೂಡಿದ್ದು 10,200 ಡಾಲರ್. ಈಗ ಒಟ್ಟು ಮೊತ್ತ ನೂರು ಕೋಟಿ ಡಾಲರ್ ದಾಟಿದೆ. ಅಲ್ಲಿ ಯಾತ್ರೆಯ ಖರ್ಚು ಸವಾರರ ನೋಂದಣಿ ಶುಲ್ಕದಿಂದ ಮತ್ತು ಪ್ರಾಯೋಜಕರಿಂದ ಬರುತ್ತದೆ. ಸವಾರ ಕೂಡಿಸಿದ ಪ್ರತಿ ಡಾಲರೂ ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ. ಒಪ್ಪಿಕೊಂಡಷ್ಟು ಕೂಡಿಸಲು ಆಗದಿದ್ದರೆ ಉಳಿದದ್ದನ್ನು ಸವಾರನೇ ಕೈಯಿಂದ ಕಟ್ಟಬೇಕು. ನಮ್ಮಲ್ಲಿ ಈ ಕರಾರು ಹಾಕಿದರೆ ಎಷ್ಟು ಜನ ಹೊರಡತಾರೋ!

ಇನ್ನು, ದುಡ್ಡು ಯಾತಕ್ಕೆ? ಈ ಯಾತ್ರೆಗಳಲ್ಲಿ ಸೈಕಲ್ ಅಂದ್ರೆ ಕಷ್ಟ. ಅವರು ಕಷ್ಟಪಟ್ಟರು ಅಂತಲೇ ನಾವು ದುಡ್ಡು ಕೊಡೋದು. ಬೆಳಗಾವಿಯಿಂದ ಬರೇ 25 ಕಿ.ಮೀ. ಆಚೆ, ಖಾನಾಪುರದ ಹಳ್ಳಿ ಹುಡುಗಿಗೆ ಅದೇ ಸೈಕಲ್ ಅಂದ್ರೆ ಸಾಲಿಗೆ ನಡೆಯೋ ಕಷ್ಟ ತಪ್ಪಿದ ಹಾಗೆ. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೋವಿಡ್ ಕಾಲಕ್ಕೆ ಅದು ನಿಂತಿತು. ಬೆನ್ನಿಗೆ ನಂಬರ್ ಕಟ್ಟಿಕೊಂಡು ಆ ರಸ್ತೆಯಲ್ಲೇ ಹಾದುಹೋಗುವವರು ಇದಕ್ಕಾಗಿ ಕೂಡಿಸಿದರೆ ನಾನು ಎರಡು ಮಾತಾಡೋದಿಲ್ಲ.

ಅದೂ ಎಲ್ಲಾ ಊರಿಗೂ ಹೊಂದೋದಿಲ್ಲ ಅನ್ನಿ. ಭೀಮಗಡ ಅಭಯಾರಣ್ಯದೊಳಗಿನ ಅಮಗಾಂವಕ್ಕೆ ಸೈಕಲ್ ಕೊಟ್ಟರೆ ಮಳೆಗಾಲದಲ್ಲಿ ಅದನ್ನ ತುಳಿಯೋದು ಎಲ್ಲಿ? 2024ರ ಜುಲೈನಲ್ಲಿ ಅಲ್ಲಿಯ ಕಾಯಿಲೆಯ ಹೆಣ್ಣುಮಗಳೊಬ್ಬಳನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಕಾಡು ದಾಟಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಯಾತ್ರೆಯ ತಾರೀಖು ಗೊತ್ತು ಮಾಡೋ ಮೊದಲು ಯಾರಾದರೂ ಒಬ್ಬರು ಇಂಥ ಊರಿಗೆ ಹೋಗಿ, ನಿಮಗೆ ಬೇಕಾದ್ದು ಏನು ಅಂತ ಕೇಳಿಕೊಂಡು ಬಂದು, ಅದನ್ನ ಪೋಸ್ಟರಿನಲ್ಲಿ ಹಾಕಲಿ. ಕೊನೆಯ ಒಂದಷ್ಟು ದೂರ ಸೈಕಲ್ ಇಳಿದೇ ಹೋಗಬೇಕಾದೀತು.